ಮೊದಲ ದಿನವೇ ಜೋಡಿ ಮಾತ್ರೆ: ತಾಲ್ಲೂಕು ಒಪಿಡಿಯಲ್ಲಿ ಬಿ.ಪಿ. ಹತೋಟಿಗೆ ಬಂದ ಬಗೆ

ಮೊದಲ ಭೇಟಿಯಲ್ಲೇ ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5 ಎಂಬ ಎರಡು ಬಿ.ಪಿ. ಔಷಧಿ ಕೂಡಿದ ಮಾತ್ರೆ ಬರೆದರೆ ರೋಗಿ ತಲೆಸುತ್ತಿ ಬೀಳುತ್ತಾನೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದು ಜೊತೆಯ ಫಿಸಿಷಿಯನ್ನರು ಹೇಳಿದ್ದರು. ಆದರೂ ಹಾಗೆ ಬರೆಯಲು ಶುರುಮಾಡಿ ಮೂರು ವರ್ಷವಾಯಿತು. ನೆನಪಿನಿಂದ ಹೇಳುವುದಾದರೆ, ಮೊದಲು ಹತ್ತರಲ್ಲಿ ಮೂವರು 140/90ರ ಕೆಳಗಿರುತ್ತಿದ್ದರು, ಈಗ ಆರೇಳು ಜನ. ಸುತ್ತಮುತ್ತ ಇಷ್ಟು ಹತೋಟಿ ಬೇರೆ ಕಡೆ ನಾನು ಕಂಡಿಲ್ಲ.

ಆದರೆ ಮೊದಲು ಬದಲಾಯಿಸಿದ್ದು ಮಾತ್ರೆಯನ್ನಲ್ಲ, ಅಳತೆಯನ್ನು. ಡಾಕ್ಟರ ಮೇಜಿನ ಮೇಲಿನ ಯಂತ್ರ ತೆಗೆದು ಸಿಸ್ಟರ್ ಕೋಣೆಗೆ ಕೊಟ್ಟೆವು. ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಮೇಜಿನ ಮೇಲೆ ಎದೆಮಟ್ಟಕ್ಕೆ ಇಡಿಸಿ ನಿಮಿಷದ ಅಂತರದಲ್ಲಿ ಮೂರು ಸಲ. ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ. ತೋಳು ತೊಡೆಯ ಮೇಲಿದ್ದರೆ ಸಿಸ್ಟೋಲಿಕ್ (ಬಿ.ಪಿ.ಯ ಮೇಲಿನ ಅಂಕ) ಸುಮಾರು 4, ಜೋತುಬಿದ್ದಿದ್ದರೆ 6.5ರಷ್ಟು ಹೆಚ್ಚು ತೋರುತ್ತದೆ ಎಂದು ಜಾನ್ಸ್ ಹಾಪ್ಕಿನ್ಸ್‌ನವರು 2024ರಲ್ಲಿ ತೋರಿಸಿದರು. ಅದಕ್ಕೂ ಒಂದು ವರ್ಷ ಮೊದಲು ತೋಳಿಗೆ ಸುತ್ತುವ ಗಾಳಿಪಟ್ಟಿ, ಅಂದರೆ ಕಫ್, ಕುರಿತು ಬಂದ ಅಧ್ಯಯನ ಇನ್ನೂ ಮುಖ್ಯ: ಅತಿ ದಪ್ಪ ತೋಳಿಗೆ ಸಾಮಾನ್ಯ ಕಫ್ ಕಟ್ಟಿದರೆ 19–20 ಹೆಚ್ಚು, ಸಣ್ಣ ತೋಳಿಗೆ ಕಟ್ಟಿದರೆ 3–4 ಕಡಿಮೆ. ನಮ್ಮ ಹಳ್ಳಿಯ ಹೆಂಗಸರಲ್ಲಿ 25 ಸೆಂ.ಮೀ.ಗಿಂತ ಸಣ್ಣ ತೋಳು ಬಹಳ. ಅವರ ಬಿ.ಪಿ. ಇಷ್ಟು ವರ್ಷ ಕಣ್ತಪ್ಪಿದ್ದು ಹೀಗೆ. ಟೇಪ್ ಹಿಡಿದು ತೋಳು ಅಳೆಯಿರಿ, ಮೂರು ಅಳತೆಯ ಕಫ್ ಇಟ್ಟುಕೊಳ್ಳಿ. ಯಂತ್ರ 2,500ರ ಆಸುಪಾಸು, ಬಿಡಿ ಕಫ್ 700–800. ವರ್ಷ ತುಂಬುವಷ್ಟರಲ್ಲಿ ಕೊಳವೆ ಸೇರುವ ಜಾಗದಲ್ಲಿ ಗಾಳಿ ಸೋರುತ್ತದೆ. ಕಫ್ ಉಬ್ಬಿ ಇಳಿದು ಮತ್ತೆ ತಾನೇ ಉಬ್ಬತೊಡಗಿದರೆ ಅಲ್ಲೇ ನೋಡಿ. ಹೀಗೆ ಎರಡು ಯಂತ್ರ ಕೆಟ್ಟವೆಂದು ಬಿಸಾಡಿದ್ದೆವು, ತಪ್ಪು ಕೊಳವೆಯದು.

ಯಾವ ಜೋಡಿ ಎಂಬ ಚರ್ಚೆಯಲ್ಲಿ ಹೊತ್ತು ಕಳೆಯಬೇಕಿಲ್ಲ. ಭಾರತದ ರೋಗಿಗಳಲ್ಲೇ ಮೂರು ಜೋಡಿಗಳನ್ನು ಹೋಲಿಸಿದ ಟಾಪ್‌ಸ್ಪಿನ್ ಅಧ್ಯಯನದಲ್ಲಿ ಮೂರೂ ಸಮನಾಗಿ ಕೆಲಸ ಮಾಡಿದವು. ಅಲ್ಲಿ ಎರಡು ಜೋಡಿಗಳಲ್ಲಿದ್ದದ್ದು ಪೆರಿಂಡೋಪ್ರಿಲ್, ಕೆಲವರಿಗೆ ಒಣಕೆಮ್ಮು ತರುವ ಔಷಧಿ. ಕೆಮ್ಮಿನ ಕಾಟ ಬೇಡವೆಂದು ನಾವು ಟೆಲ್ಮಿಸಾರ್ಟನ್ ಹಿಡಿದೆವು. ಮಾತ್ರೆಗೆ ಮೊದಲು ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆ), ಪೊಟ್ಯಾಸಿಯಂ, ಇಸಿಜಿ. ಗರ್ಭಿಣಿಯರಿಗೆ, ಗರ್ಭ ನಿಲ್ಲುವ ಸಾಧ್ಯತೆ ಇರುವವರಿಗೆ ಈ ಜೋಡಿ ಬೇಡವೇ ಬೇಡ. ಎಂಬತ್ತು ದಾಟಿದವರಿಗೆ, ಎದ್ದು ನಿಂತಾಗ 20 ಇಳಿಯುವವರಿಗೆ ಒಂದೇ ಔಷಧಿ, ಅದೂ ಕಡಿಮೆ ಪ್ರಮಾಣ. ಮೂರು ವಾರಕ್ಕೆ ಕ್ರಿಯಾಟಿನಿನ್ ಮತ್ತೊಮ್ಮೆ. ಶೇಕಡಾ 30ರವರೆಗೆ ಏರಿದರೆ ಗಾಬರಿ ಬೇಡ, ಮೀರಿದರೆ ನಿಲ್ಲಿಸಿ ಕಿಡ್ನಿಯ ರಕ್ತನಾಳ ನೋಡಿಸಿ. ನಾಲ್ಕು ವಾರಕ್ಕೂ ಬಗ್ಗದಿದ್ದರೆ ಟೆಲ್ಮಿಸಾರ್ಟನ್ 80, ಆಮೇಲೆ ಮೂತ್ರ ಹೋಗಿಸುವ ಕ್ಲೋರ್ತಾಲಿಡೋನ್ 12.5, ಕೊನೆಗೆ ಪೊಟ್ಯಾಸಿಯಂ ನೋಡಿಕೊಂಡು ಸ್ಪೈರೊನೊಲ್ಯಾಕ್ಟೋನ್ 25.

ಎಡವಿದ್ದೂ ಇದೆ. ಆರಂಭದಲ್ಲಿ ಆಮ್ಲೋಡಿಪಿನ್ 10ಕ್ಕೆ ಏರಿಸಿ ಪಾದ ಊದಿಸಿದೆವು, ಊತಕ್ಕೆ ಮೂತ್ರ ಹೋಗಿಸುವ ಫ್ರೂಸೆಮೈಡ್ ಕೊಟ್ಟೆವು. ಅದು ಮೈಯಲ್ಲಿ ನೀರು ನಿಂತ ಊತವಲ್ಲ, ಸಣ್ಣ ರಕ್ತನಾಳದಿಂದ ಒಸರಿದ್ದು. ಮೂತ್ರ ಹೋಗಿಸಿದರೆ ಇಳಿಯದು. 5ಕ್ಕೆ ಇಳಿಸಿ ಟೆಲ್ಮಿಸಾರ್ಟನ್ ಏರಿಸಿದರೆ ಹತ್ತು ಹದಿನೈದು ದಿನದಲ್ಲಿ ಇಳಿಯುತ್ತದೆ. ಕ್ಲೋರ್ತಾಲಿಡೋನ್ ಏಪ್ರಿಲ್–ಮೇ ಬಿಸಿಲಿನಲ್ಲಿ ಮುದುಕರ ಸೋಡಿಯಂ ಇಳಿಸಿತು. ಒಬ್ಬರಿಗೆ ಅಪಾಯದ 118 ಮುಟ್ಟಿತ್ತು. ಈಗ ಅರವತ್ತೈದು ದಾಟಿದವರಿಗೆ 6.25ರಿಂದ ಶುರು, ಎರಡು ವಾರಕ್ಕೆ ಸೋಡಿಯಂ. ಹಾಗೆಂದು ಕಿಡ್ನಿ ಸೊರಗಿದವರಲ್ಲಿ ಕ್ಲೋರ್ತಾಲಿಡೋನ್ ಕೆಲಸ ಮಾಡದೆಂಬ ಹಳೆಯ ನಂಬಿಕೆ ಬಿಡಿ. 2021ರ ಕ್ಲಿಕ್ ಅಧ್ಯಯನದಲ್ಲಿ ನಾಲ್ಕನೇ ಹಂತದ ಕಿಡ್ನಿ ರೋಗಿಗಳಲ್ಲೂ ಸಿಸ್ಟೋಲಿಕ್ 10ರಷ್ಟು ಇಳಿದಿತ್ತು.

ಎಷ್ಟು ಏರಿಸಿದರೂ ಬಗ್ಗದವರಲ್ಲಿ ಅರ್ಧಕ್ಕರ್ಧ ಜನ ಮಂಡಿನೋವಿಗೆ ಬಿ.ಪಿ. ಏರಿಸುವ ನೋವಿನ ಮಾತ್ರೆ ಡೈಕ್ಲೋಫೆನಾಕ್ ನುಂಗುತ್ತಿದ್ದವರು. ಉಳಿದವರು ಮಾತ್ರೆ ತಪ್ಪಿಸಿದವರು. ಅದನ್ನು ಬಾಯಿಬಿಡಿಸಲು ಸಿಸ್ಟರ್ ಕೇಳುವ ಒಂದು ಪ್ರಶ್ನೆಯಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರಿಗೂ ಗೊತ್ತಾದ ದಿನ ಅದು ಕೆಲಸ ಮಾಡುವುದು ನಿಲ್ಲುತ್ತದೆ.

ದುಡ್ಡಿನ ಮಾತು. ಬ್ರ್ಯಾಂಡಿನ ಜೋಡಿ ಮಾತ್ರೆ ಸ್ಟ್ರಿಪ್ಪಿಗೆ ನೂರರ ಆಚೀಚೆ, ಜನೌಷಧಿಯಲ್ಲಿ ಇಪ್ಪತ್ತರೊಳಗೆ. ಹತ್ತು ಮಾತ್ರೆ ಕೊಂಡವರು ಹನ್ನೊಂದನೇ ದಿನ ನಿಲ್ಲಿಸುತ್ತಿದ್ದರು, ಅದಕ್ಕೇ ಚೀಟಿಯಲ್ಲಿ ಮೂವತ್ತು ಎಂದು ಅಕ್ಷರದಲ್ಲೇ ಬರೆಯುತ್ತೇವೆ. ಅಂಗಡಿಯವರು ಕಂಪನಿ ಬದಲಿಸಿದಾಗ ಸ್ಟ್ರಿಪ್ಪಿನ ಬಣ್ಣ ಬೇರೆಯಾಗಿ, ಹಳೆಯದು ಹೊಸದು ಎರಡನ್ನೂ ನುಂಗಿದವರು ನಾಲ್ಕೈದು ಜನ. ನಿಜವಾಗಿ ತಲೆಸುತ್ತಿ ಬಂದವರು ಬಹುಪಾಲು ಇವರೇ. ಹಳೆಯ ಸ್ಟ್ರಿಪ್ ತರದೆ ಹೊಸ ಚೀಟಿ ಇಲ್ಲ ಎಂದ ಮೇಲೆ ಅದು ನಿಂತಿತು.

ರಾತ್ರಿ ಮಾತ್ರೆ ಕೊಟ್ಟೂ ನೋಡಿದೆವು. ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನ 21 ಸಾವಿರ ಜನರ ಟೈಮ್ ಅಧ್ಯಯನವೂ 2022ರಲ್ಲಿ ಅದನ್ನೇ ಹೇಳಿತು. ಬೆಳಿಗ್ಗೆಯೋ ರಾತ್ರಿಯೋ, ಮರೆಯದ ಹೊತ್ತು ಸಾಕು.

ಇನ್ನೊಂದು ಪ್ರಯೋಗ ಉಪ್ಪಿನದು. ಚೀನಾದ 600 ಹಳ್ಳಿಗಳಲ್ಲಿ ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆತ ಉಪ್ಪು ಪಾರ್ಶ್ವವಾಯು ತಗ್ಗಿಸಿದ್ದನ್ನು ಓದಿ ಇಪ್ಪತ್ತು ಮನೆಗಳಿಗೆ ಅಂಥದ್ದನ್ನೇ ಕೊಳ್ಳಲು ಹೇಳಿದೆವು. ಬೆಲೆ ಮಾಮೂಲಿ ಉಪ್ಪಿನ ಎರಡರಷ್ಟು. ಸಾರು ಸಪ್ಪೆ ಎಂದು ಅರ್ಧ ಮನೆಗಳಲ್ಲಿ ಎರಡು ಚಮಚ ಹೆಚ್ಚೇ ಬಿತ್ತು, ಉಪ್ಪಿನಕಾಯಿ, ಹಪ್ಪಳ ಎಂದಿನಂತೆ ನಡೆದವು. ಬಿ.ಪಿ. ಇಳಿದದ್ದು ನಾಲ್ಕೈದು ಅಂಕ. ಎಲ್ಲರೂ ಪೊಟ್ಯಾಸಿಯಂ ಏರಿಸಬಲ್ಲ ಟೆಲ್ಮಿಸಾರ್ಟನ್ ಮೇಲಿರುವವರೇ ಆದ್ದರಿಂದ ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗ) 60ಕ್ಕಿಂತ ಮೇಲೆ, ಪೊಟ್ಯಾಸಿಯಂ 4.8ರ ಒಳಗೆ ಇದ್ದವರಿಗೆ ಮಾತ್ರ ಹೇಳಿದ್ದೆವು. ಅದೂ ಪೊಟ್ಯಾಸಿಯಂ ಏರಿಸುವುದರಿಂದ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರ ಮನೆಗೆ ಬೇಡವೆಂದೆವು. ಮೂರನೇ ವಾರದ ಪೊಟ್ಯಾಸಿಯಂ ಪರೀಕ್ಷೆಗೆ ತಲೆಗೆ 200 ರೂಪಾಯಿಯಷ್ಟು ತಗುಲಿತು, ಅದನ್ನು ನಾವೇ ಭರಿಸಿದೆವು. ಈ ಬೇಸಿಗೆ ಕಳೆದ ಮೇಲೆ ಇನ್ನಿಪ್ಪತ್ತು ಮನೆ ಸೇರಿಸುತ್ತೇವೆ, ಈ ಸಲ ಅಡುಗೆ ಮಾಡುವವರನ್ನೇ ಮೊದಲು ಕರೆದು ಕೂರಿಸಿ.