ಜೋಗಿಮಟ್ಟಿಗೆ ಬರುವವರು ಮಂಡಕ್ಕಿ ಊರಲ್ಲೇ ತಿಂದು ಬನ್ನಿ

ದಾವಣಗೆರೆಯಲ್ಲಿರುವ ಅಕ್ಕನ ಮಕ್ಕಳು ಮಳೆ ಶುರುವಾದ ಕೂಡಲೇ ಫೋನ್ ಮಾಡುತ್ತಾರೆ. "ಮಾಮ, ಜೋಗಿಮಟ್ಟಿಗೆ ಯಾವಾಗ?" ನಾನು ದುರ್ಗದವನು. ಕೋಟೆಗಿಂತ ಜಾಸ್ತಿ ಸಲ ಈ ಬೆಟ್ಟ ಹತ್ತಿದ್ದೇನೆ.

ಚಿತ್ರದುರ್ಗದಿಂದ ಸುಮಾರು 10 ಕಿಲೋಮೀಟರ್ ಅಷ್ಟೇ. ಜುಲೈನಿಂದ ನವೆಂಬರ್‌ವರೆಗೆ ಬನ್ನಿ. ಆಗ ಬೆಟ್ಟ ಹಸಿರಾಗಿರುತ್ತದೆ, ಬೆಳಿಗ್ಗೆ ಮಂಜು ಮುಚ್ಚುತ್ತದೆ. ಮೇಲೆ ಗಾಳಿ ಜೋರು, ಸ್ವೆಟರ್ ಇರಲಿ. ಬೇಸಿಗೆಯಲ್ಲಿ ಹುಲ್ಲೆಲ್ಲ ಒಣಗಿರುತ್ತದೆ, ಒಂದು ಬೀಡಿ ತುಂಡು ಸಾಕು ಗುಡ್ಡ ಉರಿಯಲು. ಬೆಂಕಿಪೊಟ್ಟಣ ಯಾವ ಕಾಲದಲ್ಲೂ ತರಬೇಡಿ. ಗೇಟಿನಲ್ಲಿ ಅರಣ್ಯ ಇಲಾಖೆಯವರು ವಾಪಸ್ ಬರುವ ಹೊತ್ತು ಹೇಳುತ್ತಾರೆ. ಅದನ್ನು ಮೀರಬೇಡಿ, ಕತ್ತಲಾದ ಮೇಲೆ ಅದು ಕರಡಿಯ ದಾರಿ.

ಕರಡಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ಚಿರತೆಯೂ ಇದೆ, ಆದರೆ ಅದು ಮನುಷ್ಯರ ಸದ್ದು ಕೇಳಿದರೆ ಹೆಚ್ಚಾಗಿ ತಾನೇ ಸರಿದು ಹೋಗುತ್ತದೆ. ಕರಡಿ ಹಾಗಲ್ಲ. ಅದಕ್ಕೆ ಮೂಗು ಚುರುಕು, ಕಣ್ಣು ಮಂದ. ಹುತ್ತ ಕೆರೆದು ಗೆದ್ದಲು ಹೀರುತ್ತಾ ಕೂತರೆ ನೀವು ಹತ್ತಿರ ಬಂದದ್ದೇ ಗೊತ್ತಾಗುವುದಿಲ್ಲ. ಗಾಬರಿಯಾದರೆ ಮೈಮೇಲೆ ಬೀಳುತ್ತದೆ. ಹಾಗಾಗಿ ತಿರುವುಗಳಲ್ಲಿ ಸುಮ್ನೆ ನಡೆಯಬೇಡಿ, ಅದಕ್ಕೆ ಕೇಳಿಸುವಂತೆ ಮಾತಾಡುತ್ತಾ ಹೋಗಿ. ಮೊಬೈಲ್‌ನಲ್ಲಿ ಹಾಡು ಮಾತ್ರ ಬೇಡ, ನಿಮಗೇ ಏನೂ ಕೇಳಿಸುವುದಿಲ್ಲ. ಒಮ್ಮೆ ಬಂಡೆ ಪಕ್ಕ ಆಗತಾನೆ ಕೆರೆದ ಹುತ್ತ ಕಂಡಿತು, ಮಣ್ಣು ಇನ್ನೂ ಹಸಿ. ಮಕ್ಕಳು ಮುಂದೆ ಹೋಗೋಣ ಅಂದರು. ಅಲ್ಲಿಂದಲೇ ವಾಪಸ್ ಕರೆದುಕೊಂಡು ಬಂದೆ. ನೀವೂ ಹಾಗೇ ಮಾಡಿ. ಎದುರೇ ಸಿಕ್ಕರೆ ಓಡಬೇಡಿ, ಮುಖ ಅದರ ಕಡೆಗೇ ಇಟ್ಟು ನಿಧಾನಕ್ಕೆ ಹಿಂದೆ ಸರಿಯಿರಿ. ಬೆನ್ನ ಮೇಲೆ ಮರಿ ಇದ್ದರೆ ಇನ್ನೂ ಎಚ್ಚರ.

ಇದಕ್ಕೇ ಮಂಡಕ್ಕಿ, ಮಿರ್ಚಿ ಬೇಡ ಅನ್ನುವುದು. ಎಣ್ಣೆ ವಾಸನೆ ದೂರ ಹೋಗುತ್ತದೆ. ನೀವು ಎಸೆದ ಕಾಗದಕ್ಕೆ ಕರಡಿ ರಸ್ತೆಗೆ ಬರುವುದು ಕಲಿತರೆ, ಆಮೇಲೆ ಊರಿಗೂ ಬರುತ್ತದೆ. ಅಲ್ಲಿ ಜನ ಕಲ್ಲು ಹೊಡೆಯುತ್ತಾರೆ. ನೀರಿನ ಬಾಟಲಿ ಒಂದು ಸಾಕು, ಖಾಲಿಯಾದರೂ ಚೀಲದಲ್ಲೇ ಇರಲಿ.

ಬೆಟ್ಟದಲ್ಲಿರುವ ಶಿವನ ಸ್ಥಳ ಹಿಮವತ್ ಕೇದಾರಕ್ಕೆ ಹೋದರೆ ಲಿಂಗದ ಮೇಲೆ ನೀರು ಬೀಳುವ ಸದ್ದು ಕೇಳುತ್ತಾ ಸ್ವಲ್ಪ ಹೊತ್ತು ಕೂರಿ. ಪುಟ್ಟ ಮಕ್ಕಳಿದ್ದರೆ ಆಡುಮಲ್ಲೇಶ್ವರದ ಕಿರು ಮೃಗಾಲಯ ಸಾಕು, ಬೆಟ್ಟ ಹತ್ತಿಸಬೇಡಿ.

ಮಳೆ ಮುಗಿಯುವ ಹೊತ್ತಿಗೆ ದಾರಿ ಪಕ್ಕ ಸೀತಾಫಲ ಕಾಣುತ್ತದೆ. ಕೀಳಬೇಡಿ, ಕರಡಿಗೆ ಇರಲಿ. ನಿಮಗೆ ದುರ್ಗದ ಪೇಟೆಯಲ್ಲಿ ಬುಟ್ಟಿಗಟ್ಟಲೆ ಸಿಗುತ್ತದೆ.