ಹೋಟೆಲ್ ಊಟ ಕೆಟ್ಟಿದ್ದರೆ ಕೇಸ್ ಹಾಕಬಹುದಾ?

ಉಪ್ಪು ಜಾಸ್ತಿ ಇತ್ತು, ಊಟ ತಣ್ಣಗಾಗಿತ್ತು, ಒಂದು ಗಂಟೆ ಕಾಯಿಸಿದರು. ಇದಕ್ಕೆಲ್ಲ ಕೇಸ್ ನಿಲ್ಲುವುದು ಕಷ್ಟ. ತಟ್ಟೆ ವಾಪಸ್ ಕಳಿಸಿ, ದುಡ್ಡು ವಾಪಸ್ ಕೇಳಿ, ಅಲ್ಲಿಗೆ ಬಿಟ್ಟುಬಿಡಿ. ಕೋರ್ಟ್ ಸಾಮಾನ್ಯವಾಗಿ ಕೇಳುವುದೇ ಬೇರೆ: ಊಟದಲ್ಲಿ ದೋಷ ಇತ್ತಾ, ನಿಮಗೆ ನಿಜವಾಗಿ ಹಾನಿ ಆಯಿತಾ, ಆ ಹಾನಿ ಆ ಊಟದಿಂದಲೇ ಆಯಿತಾ?

ಕಷ್ಟ ಇರುವುದು ಕೊನೆಯ ಪ್ರಶ್ನೆಯಲ್ಲಿ. ವಾಂತಿ ಶುರುವಾದ ಕೂಡಲೇ ನಾವು ಬೈಯುವುದು ಕೊನೆಗೆ ತಿಂದ ಊಟವನ್ನು, ಅಲ್ವಾ? ಆದರೆ ಸ್ಟೆಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾದ ವಿಷ ಅರ್ಧ ಗಂಟೆಯಿಂದ 8 ಗಂಟೆಯೊಳಗೆ ಹೊಟ್ಟೆ ತೊಳಸಿದರೆ, ನೋರೋವೈರಸ್ 12ರಿಂದ 48 ಗಂಟೆ ತೆಗೆದುಕೊಳ್ಳುತ್ತದೆ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ 6 ಗಂಟೆಯಿಂದ 6 ದಿನ, ಯಕೃತ್ತಿಗೆ ತಗಲುವ ಹೆಪಟೈಟಿಸ್ ಎ ವೈರಸ್ ಅಂತೂ 15ರಿಂದ 50 ದಿನ. ಅಂದರೆ ತಪ್ಪು ಮೊನ್ನೆಯ ಊಟದ್ದೂ ಇರಬಹುದು, ನಿಮ್ಮ ಮನೆಯ ಅಡುಗೆಯದ್ದೂ ಇರಬಹುದು. ಎದುರು ಪಕ್ಷದ ವಕೀಲರು ಮೊದಲು ಹಿಡಿಯುವುದೇ ಇದನ್ನು.

ಹಾಗಾಗಿ ಹೊಟ್ಟೆ ಕೆಟ್ಟರೆ ಸುಮ್ನೆ ಮಾತ್ರೆ ನುಂಗಿ ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ, ಮಲ ಪರೀಕ್ಷೆ ಬೇಕಾ ಅಂತ ಕೇಳಿ. ಆಂಟಿಬಯೋಟಿಕ್ ಶುರುಮಾಡುವ ಮೊದಲೇ ಮಾದರಿ ಕೊಟ್ಟರೆ ಯಾವ ರೋಗಾಣು ಅಂತ ಸಿಗುವ ಸಾಧ್ಯತೆ ಜಾಸ್ತಿ. ಹಿಂದಿನ ಒಂದು ವಾರ ಎಲ್ಲೆಲ್ಲಿ ಏನೇನು ತಿಂದಿರಿ, ನೆನಪಿರುವಾಗಲೇ ಬರೆದಿಡಿ. ಪಾರ್ಸೆಲ್ ಉಳಿದಿದ್ದರೆ ಎಸೆಯದೆ ಮುಚ್ಚಿ, ಹೆಸರು ಬರೆದು ಫ್ರಿಜ್‌ನಲ್ಲಿಡಿ. ಬಿಲ್ಲಿನ ಫೋಟೋ ತೆಗೆಯಿರಿ. ಆಹಾರ ಸುರಕ್ಷತೆ ನೋಡುವ ಸರ್ಕಾರಿ ಇಲಾಖೆಗೂ ದೂರು ಕೊಡಿ, ಏಕೆಂದರೆ ಅದೇ ದಿನ ಅದೇ ಊಟ ಮಾಡಿದ ಇನ್ನೂ ನಾಲ್ಕು ಜನ ಕಾಯಿಲೆ ಬಿದ್ದಿದ್ದರೆ ನಿಮ್ಮ ಕೇಸ್‌ಗೆ ಅದಕ್ಕಿಂತ ದೊಡ್ಡ ಬಲ ಇಲ್ಲ.

ಊಟದಲ್ಲಿ ಗಾಜಿನ ಚೂರೋ ಮೊಳೆಯೋ ಸಿಕ್ಕಿ ಬಾಯಿ ಕೊಯ್ದಿದ್ದರೆ ದಾರಿ ಸುಲಭ. ಆ ಚೂರನ್ನು ಮಾತ್ರ ಮಾಲೀಕರ ಕೈಗೆ ಕೊಟ್ಟು ಬರಬೇಡಿ! ಮಾಂಸದಲ್ಲಿ ಮೂಳೆ ಸಿಕ್ಕರೆ ಕಥೆ ಬೇರೆ. ಅಂಥ ಊಟದಲ್ಲಿ ಮೂಳೆ ಇರಬಹುದು ಅಂತ ಯಾರಾದರೂ ಅಂದುಕೊಳ್ಳುತ್ತಿದ್ದರಾ ಅಂತ ಎಷ್ಟೋ ಕೋರ್ಟ್‌ಗಳು ನೋಡುತ್ತವೆ. ಅಲರ್ಜಿ ಇದೆ ಅಂತ ಮೊದಲೇ ಹೇಳಿ, ಅವರು 'ಅದು ಹಾಕಿಲ್ಲ' ಅಂದು, ಆಮೇಲೆ ಅದೇ ಇದ್ದರೆ ಕೇಸ್ ಗಟ್ಟಿ. ಹೇಳದೇ ಇದ್ದಿದ್ದರೆ ಸ್ವಲ್ಪ ಸಡಿಲ.

'ಬಿಲ್ ಕೊಟ್ಟಿದ್ದು ನಾನಲ್ಲ' ಅಂತ ಹಿಂಜರಿಯಬೇಡಿ. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಮೇ ಡೊನೊಹ್ಯೂ ಕುಡಿದ ಶುಂಠಿ ಬಿಯರ್ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತು ಅಂತ ದೂರು. ದುಡ್ಡು ಕೊಟ್ಟಿದ್ದು ಗೆಳತಿ. ಆದರೂ ತಯಾರಕನಿಗೆ ಕುಡಿದವರ ಬಗ್ಗೆ ಹೊಣೆ ಇದೆ ಅಂತ 1932ರಲ್ಲಿ, ಆಗ ಅಲ್ಲಿನ ಕೊನೆಯ ಮೇಲ್ಮನವಿ ಕೋರ್ಟ್ ಆಗಿದ್ದ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು.

ಒಂದು ದಿನ ಹೊಟ್ಟೆ ಕೆಟ್ಟು ಸರಿಹೋಗಿದ್ದರೆ, ನನ್ನ ಪ್ರಕಾರ, ದೂರು ಕೊಟ್ಟು ಸುಮ್ಮನಾಗುವುದೇ ಒಳ್ಳೆಯದು. ವಕೀಲರ ಖರ್ಚೇ ಪರಿಹಾರಕ್ಕಿಂತ ಜಾಸ್ತಿಯಾದೀತು. ಆಸ್ಪತ್ರೆ ಸೇರಿದ್ದರೆ, ಸಂಬಳ ಕಟ್ ಆಗಿದ್ದರೆ ಮಾತ್ರ ವಕೀಲರನ್ನು ಬೇಗ ನೋಡಿ. ಕೇಸ್ ಹಾಕಲು ಗಡುವು ಇರುತ್ತದೆ, ಅದು ದೇಶದಿಂದ ದೇಶಕ್ಕೆ ಬೇರೆ. ಅಷ್ಟರಲ್ಲಿ ಮ್ಯಾನೇಜರ್ ನಗುನಗುತ್ತಾ ಫ್ರೀ ಊಟದ ಕೂಪನ್ ಜೊತೆ ಒಂದು ಕಾಗದ ಮುಂದಿಟ್ಟರೆ, ಪೂರ್ತಿ ಓದದೆ ಸಹಿ ಹಾಕಬೇಡಿ. 'ಇನ್ನು ಯಾವ ತಕರಾರೂ ಇಲ್ಲ' ಅನ್ನುವ ಸಾಲು ಅದರಲ್ಲೇ ಇರಬಹುದು.