ಕನ್ಸರ್ವೇಟರಿಯ ಜಾಗದಲ್ಲಿ ವರ್ಷವಿಡೀ ಕೂರಬಹುದಾದ ಕೋಣೆ

ಇಂಗ್ಲೆಂಡಿನಲ್ಲಿ ಹಳೆಯ ಮನೆ ಕೊಂಡವರಿಗೆ ಹಿತ್ತಲಿನ ಕನ್ಸರ್ವೇಟರಿ, ಅಂದರೆ ಮನೆಗೆ ಅಂಟಿಸಿ ಕಟ್ಟಿದ ಗಾಜಿನ ಕೋಣೆ, ಎಷ್ಟೋ ಸಲ ಮನೆಯ ಜೊತೆಗೇ ಬಂದಿರುತ್ತದೆ. ಜುಲೈಯಲ್ಲಿ ಅದು ಕಾದ ಬಾಣಲೆ. ಜನವರಿಯಲ್ಲಿ ಅಕ್ಕಿ ಮೂಟೆಯನ್ನೂ ಒಣಗದ ಬಟ್ಟೆಯನ್ನೂ ಇಡುವ ಉಗ್ರಾಣ. ಅದರ ಮೇಲೆ ಗಟ್ಟಿ ಚಾವಣಿಯನ್ನಷ್ಟೇ ಹೊದಿಸಿದರೆ ಸಾಕೆಂದು ಹೇಳುವವರು ಸಿಗುತ್ತಾರೆ. ಒಪ್ಪುವ ಮೊದಲು ನೆಲದ ಅಂಚಿನಲ್ಲಿ ಒಂದು ಗುಂಡಿ ತೋಡಿಸಿ, ತಳಪಾಯ ಎಷ್ಟು ಆಳವಿದೆಯೆಂದು ನೋಡಿಕೊಳ್ಳಬೇಕು. ಹಗುರ ಗಾಜಿಗೆಂದು ಹಾಕಿದ ತೆಳು ಕಾಂಕ್ರೀಟು ಗೋಡೆ, ತೊಲೆ, ಚಾವಣಿಗಳ ಭಾರವನ್ನು ಹೊರುವುದು ಅಪರೂಪ. ಬೇಸಿಗೆಯಲ್ಲಿ ಒಣಗಿ ಕುಗ್ಗಿ ಚಳಿಗಾಲದ ತೇವಕ್ಕೆ ಉಬ್ಬುವ ಲಂಡನ್ನಿನ ಜೇಡಿಮಣ್ಣಿನಲ್ಲಿ ಹೊಸ ತಳಪಾಯ ಕನಿಷ್ಠ ಒಂದು ಮೀಟರ್ ಆಳವಿರಬೇಕು, ಹತ್ತಿರ ದೊಡ್ಡ ಮರವಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಪೂರ್ತಿ ಕೆಡವಿ ಕಟ್ಟುವುದೇ ಬಹುಮಟ್ಟಿಗೆ ಸರಿಯಾದ ದಾರಿ.

ವಿನ್ಯಾಸದಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ಗಾಜನ್ನು ಎಲ್ಲೆಲ್ಲಿ ಬಿಡಬೇಕೆಂಬುದು. ಬೆಂಗಳೂರಿನಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಲಂಡನ್ನಿನಲ್ಲಿ ಅದೇ ಹೊತ್ತಿಗೆ ಬರೀ 15 ಡಿಗ್ರಿ, ಜೂನ್‌ನಲ್ಲಿ 62. ಹೀಗಾಗಿ ದಕ್ಷಿಣದ ಕಿಟಕಿಯ ಮೇಲೆ ನಮ್ಮೂರ ಮನೆಗಳಂತೆ ಆಳವಾದ ಸಜ್ಜಾ ಇಟ್ಟರೆ ಬೇಸಿಗೆಯ ಬಿಸಿಲು ಹೊರಗೇ ನಿಂತು, ಚಳಿಗಾಲದ ಬಿಸಿಲು ಕೋಣೆಯ ಒಳಗಿನವರೆಗೂ ಬರುತ್ತದೆ. ಪಶ್ಚಿಮದ ಸಂಜೆ ಬಿಸಿಲು ಅಡ್ಡಲಾಗಿ ಬೀಳುವುದರಿಂದ ಅಲ್ಲಿ ಸಜ್ಜಾ ಉಪಯೋಗಕ್ಕೆ ಬಾರದು. ಕಿಟಕಿಯನ್ನೇ ಚಿಕ್ಕದು ಮಾಡಬೇಕು, ಇಲ್ಲವೇ ಹೊರಗೆ ಪರದೆ ಹಾಕಿಸಬೇಕು. ಗಾಳಿ ಆಡಲು ಎದುರುಬದುರು ಕಿಟಕಿಗಳಿರಲಿ. ತೋಟದ ಕಡೆಗೆ ಒಂದೇ ಅಗಲ ಬಾಗಿಲು, ಕೂತಾಗ ಕಣ್ಣಿನ ಮಟ್ಟಕ್ಕೆ ಸಿಗುವ ಒಂದು ಕಿಟಕಿ, ಉಳಿದದ್ದು ಗೋಡೆ: ಇಷ್ಟಿದ್ದರೆ ಕುರ್ಚಿ, ಪುಸ್ತಕದ ಕಪಾಟು, ದೇವರ ಪಟ ಎಲ್ಲಕ್ಕೂ ಬೆನ್ನು ಸಿಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಮೊಳೆ ಹೊಡೆಯುವುದಕ್ಕೂ ಜಾಗವಿರಲಿಲ್ಲ.

ಮನೆಯಿಂದ ಹೊರಗೋಡೆ, ಬಾಗಿಲುಗಳಿಂದ ಬೇರ್ಪಟ್ಟಿದ್ದ 30 ಚದರ ಮೀಟರ್‌ಗಿಂತ ಚಿಕ್ಕ ಕನ್ಸರ್ವೇಟರಿಗೆ ಕಟ್ಟಡ ನಿಯಮಗಳಿಂದ ಸಾಮಾನ್ಯವಾಗಿ ಇದ್ದ ವಿನಾಯಿತಿ ಹೊಸ ಕೋಣೆಗೆ ಸಿಗುವುದಿಲ್ಲ. 2022ರ ಜೂನ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಹೊಸ ಗೋಡೆ ಮತ್ತು ನೆಲದ ಯು-ಮೌಲ್ಯ 0.18, ಚಾವಣಿಯದು 0.15 ಮೀರಬಾರದು, ಈ ಅಂಕಿ ಕಡಿಮೆಯಾದಷ್ಟೂ ಸೋರಿಹೋಗುವ ಶಾಖ ಕಡಿಮೆ. ಗಾಜಿನ ವಿಸ್ತೀರ್ಣ ಹೊಸ ಕೋಣೆಯ ನೆಲದ ಕಾಲು ಭಾಗ ಹಾಗೂ ಮುಚ್ಚಿಹೋಗುವ ಹಳೆಯ ಕಿಟಕಿ, ಬಾಗಿಲುಗಳ ಅಳತೆ ಸೇರಿದಷ್ಟನ್ನು ದಾಟಿದರೆ, ಬೇರೆಡೆ ಶಾಖ ಉಳಿಸಿ ಸರಿದೂಗಿಸಿದ್ದನ್ನು ಲೆಕ್ಕದಲ್ಲಿ ತೋರಿಸಬೇಕಾಗುತ್ತದೆ.

ಪ್ಲಾನಿಂಗ್ ಅನುಮತಿ ಎಲ್ಲರಿಗೂ ಬೇಕಾಗದು. ಒಂಟಿ ಮನೆಯಾದರೆ ಹಿಂದಕ್ಕೆ 4 ಮೀಟರ್, ಅಂಟಿಕೊಂಡ ಮನೆಯಾದರೆ 3 ಮೀಟರ್‌ವರೆಗಿನ ಒಂದಂತಸ್ತಿನ ವಿಸ್ತರಣೆಗೆ, ಎತ್ತರ ಮುಂತಾದ ಷರತ್ತುಗಳಿಗೆ ಒಳಪಟ್ಟು, ಸಾಮಾನ್ಯವಾಗಿ ವಿನಾಯಿತಿಯಿದೆ. ಅಳೆಯುವುದು ಮೂಲ ಮನೆಯ ಹಿಂಗೋಡೆಯಿಂದ. ನೆರೆಮನೆಯಿಂದ 3 ಮೀಟರ್ ಒಳಗೆ ಅವರ ತಳಪಾಯಕ್ಕಿಂತ ಆಳ ಅಗೆಯುವುದಾದರೆ 1996ರ ಪಾರ್ಟಿ ವಾಲ್ (ನೆರೆಯವರೊಂದಿಗೆ ಹಂಚಿಕೊಂಡ ಗೋಡೆ) ಕಾಯ್ದೆಯಂತೆ ಒಂದು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ಅದಕ್ಕೂ ಮೊದಲು ಅವರ ಮನೆಗೆ ಹೋಗಿ ನಕ್ಷೆ ತೋರಿಸಿ ಮಾತಾಡಿ ಬಂದರೆ ಕಾಗದಪತ್ರ ಹಗುರವಾಗುತ್ತದೆ. ಆರ್ಕಿಟೆಕ್ಟ್ ಎಂಬ ಹೆಸರು ಅಲ್ಲಿ ಕಾನೂನಿನ ರಕ್ಷಣೆಯಲ್ಲಿದೆ, ಆದ್ದರಿಂದ ನೀವು ಗೊತ್ತುಮಾಡುವವರ ಹೆಸರು ಎಆರ್‌ಬಿ ಎಂಬ ಆರ್ಕಿಟೆಕ್ಟರ ನೋಂದಣಿ ಮಂಡಳಿಯ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ.

ಕೆಡವುವ ದಿನ ಮನೆಗೂ ಕನ್ಸರ್ವೇಟರಿಗೂ ನಡುವಿನ ಹಳೆಯ ಬಾಗಿಲನ್ನು ಕೀಳಿಸಬೇಡಿ. ಹೊಸ ಚಾವಣಿ, ಕಿಟಕಿಗಳು ಕೂತು ನೀರು ಸೋರದಂತಾಗುವವರೆಗೂ ಮನೆಯನ್ನು ಚಳಿಯಿಂದಲೂ ಧೂಳಿನಿಂದಲೂ ಕಾಯುವುದು ಅದೊಂದೇ.